ಮಾದಪ್ಪನ ಮಲೆಯಲ್ಲಿ ಓಡಲು ಹೊರಟವರಿಗೆ

ಕೊಳ್ಳೇಗಾಲ, ಹನೂರು, ಯಳಂದೂರು. ಈ ಮೂರು ತಾಲ್ಲೂಕಿನ ಯಾವ ಊರಿನ ಹೊರಗೆ ನಿಂತರೂ ಬೆಟ್ಟ ಕಾಣುತ್ತದೆ. ಒಂದು ಕಡೆ ಬಿಳಿಗಿರಿರಂಗನ ಸಾಲು, ಇನ್ನೊಂದು ಕಡೆ ಎಪ್ಪತ್ತೇಳು ಮಲೆ ಎಂದು ಜನ ಕರೆಯುವ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಬೆಟ್ಟಗಳು, ಅವನ್ನು ಬಳಸಿಕೊಂಡು ಹರಿಯುವ ಕಾವೇರಿ. ಮೈದಾನದಲ್ಲಿ ಸುತ್ತು ಹೊಡೆದು ಕಾಲು ಗಟ್ಟಿ ಮಾಡಿಕೊಂಡ ಹುಡುಗ ಹುಡುಗಿಯರು ಒಂದಲ್ಲ ಒಂದು ದಿನ ಆ ಕಡೆ ಕೈ ತೋರಿಸಿ ಕೇಳುತ್ತಾರೆ: 'ಸಾರ್, ಅಲ್ಲಿ ಓಡಬಹುದಾ?'

ಓಡಬಹುದು. ಆದರೆ ಎಲ್ಲ ಕಡೆ ಅಲ್ಲ, ಎಲ್ಲ ಹೊತ್ತಿನಲ್ಲೂ ಅಲ್ಲ. ಇಲ್ಲಿ ಓಡಲು ಹೊಸ ದಾರಿ ಹುಡುಕುವ ಅಗತ್ಯವೂ ಇಲ್ಲ. ಮಾದಪ್ಪನಿಗೆ ನಡೆದು ಬರುವ ಪರಸೆಯವರು, ಇಲ್ಲೇ ನೆಲೆಸಿದ ಸೋಲಿಗರು, ಬೇಡಗಂಪಣರು, ದನ ಮೇಯಿಸುವವರು, ಶಾಲೆಗೆ ಹೋಗುವ ಮಕ್ಕಳು ನಡೆದು ನಡೆದು ಮಾಡಿದ ದಾರಿಗಳಿವೆ. ಜನ ನಡೆಯುವ ದಾರಿಯಲ್ಲಿ, ಜನ ನಡೆಯುವ ಹೊತ್ತಿನಲ್ಲಿ ಓಡಿ. ಜನ ಕಾಲಿಡದ ಕಡೆ ನೀವೂ ಇಡಬೇಡಿ. ಮುಂದೆ ನಾನು ಹೇಳುವುದೆಲ್ಲ ಈ ಮಾತಿನ ವಿವರಣೆ.

ಬೆಟ್ಟದ ಕಾಲುದಾರಿಯ ಓಟವನ್ನು ಈಗ ಎಲ್ಲರೂ ಟ್ರೇಲ್ ರನ್ನಿಂಗ್ ಎನ್ನುತ್ತಾರೆ. ಡಾಂಬರು ಬಿಟ್ಟು ಮಣ್ಣು, ಕಲ್ಲು, ಹಳ್ಳ, ಏರು ಇಳಿತಗಳಲ್ಲಿ ಓಡುವುದು. ಇದಕ್ಕೆಂದೇ 2013ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿತು. ಅದರ ಚಿಕ್ಕ ಹೆಸರು ಐಟಿಆರ್‌ಎ. 2015ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಇದನ್ನು ಅಥ್ಲೆಟಿಕ್ಸಿನ ಒಂದು ಬಗೆಯೆಂದು ಒಪ್ಪಿಕೊಂಡಿತು. ಯೂರೋಪಿನ ಮಾಂಟ್ ಬ್ಲಾಂಕ್ ಪರ್ವತವನ್ನು ಸುತ್ತುವ, ಸುಮಾರು 170 ಕಿ.ಮೀ. ದೂರದ ಯುಟಿಎಂಬಿ ಓಟ 2003ರಿಂದ ನಡೆಯುತ್ತಿದೆ. ನಮ್ಮ ರಾಜ್ಯದಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ನಡೆಯುತ್ತದೆ. ಅದು ತೋಟಗಳಲ್ಲಿ ನಡೆಯುತ್ತದೆ ಎನ್ನುವುದನ್ನು ಗಮನಿಸಿ. ಅಲ್ಲಿನ ಚಿತ್ರ, ವಿಡಿಯೊ ನೋಡಿ 'ನಮ್ಮ ಕಾಡಿನಲ್ಲೂ ಹಾಗೇ ಓಡೋಣ' ಎಂದು ಹೊರಡುವವರು ಮೊದಲು ನಮ್ಮ ಬೆಟ್ಟಗಳ ಸ್ಥಿತಿ ತಿಳಿಯಬೇಕು.

ನಮ್ಮ ಸುತ್ತಲಿನ ಕಾಡಿನ ಬಹುಪಾಲು ಸಂರಕ್ಷಿತ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾವೇರಿ ವನ್ಯಜೀವಿಧಾಮ 1987ರದು. ಮಲೆ ಮಹದೇಶ್ವರ ವನ್ಯಜೀವಿಧಾಮ 2013ರದು. ಅದರ ವಿಸ್ತಾರವೇ 906 ಚದರ ಕಿ.ಮೀ. ಇವೆಲ್ಲ ಒಂದಕ್ಕೊಂದು ಅಂಟಿಕೊಂಡು, ಗಡಿಯಾಚೆ ತಮಿಳುನಾಡಿನ ಸತ್ಯಮಂಗಲದ ಕಾಡಿಗೂ ಸೇರುತ್ತವೆ. ಆನೆಗೆ ಇದು ಒಂದೇ ಮನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದೊಳಕ್ಕೆ ಹೋಗಲು ಅನುಮತಿ ಬೇಕು. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ, ಅಲ್ಲೇ ಹಕ್ಕು ಇರುವವರಿಗೆ ಕಾಯ್ದೆಯಲ್ಲೇ ಅವಕಾಶವಿದೆ. ಸೋಲಿಗರು ಅಂಥ ಹಕ್ಕುಳ್ಳವರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದು ದೇಶದಲ್ಲೇ ದೊಡ್ಡ ಸುದ್ದಿ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಪಡೆದವರಲ್ಲಿ ಅವರೇ ಮೊದಲಿಗರು. ಒಬ್ಬ ಸೋಲಿಗ ಅಜ್ಜ ತನ್ನ ಊರಾದ ಪೋಡಿನಿಂದ ಜೇನಿಗೋ ನೆಲ್ಲಿಕಾಯಿಗೋ ಹೋಗುವ ದಾರಿ ಕಂಡರೆ ಅದು ನಿಮಗೂ ತೆರೆದ ದಾರಿ ಎಂದು ತಿಳಿಯಬೇಡಿ.

ಹೀಗೆ ಹೇಳಿದ ಮೇಲೆ ಉಳಿದದ್ದೇನು ಎಂದು ಕೇಳುತ್ತೀರಿ. ಬೇಕಾದಷ್ಟು ಉಳಿದಿದೆ.

ಕೊಳ್ಳೇಗಾಲ ಪೇಟೆಯವರಿಗೆ ಮರಡಿಗುಡ್ಡ ಇದೆ. ಊರಿನ ಮೈಗೆ ಅಂಟಿಕೊಂಡ ಚಿಕ್ಕ ಗುಡ್ಡ, ಮೇಲೆ ದೇವಸ್ಥಾನ, ಬೆಳಗ್ಗೆ ಸಂಜೆ ವಾಯುವಿಹಾರಕ್ಕೆ ಬರುವ ಜನ. ಇದನ್ನು ಯಾರೂ ಕೀಳಾಗಿ ಕಾಣಬೇಡಿ. ಬೆಟ್ಟದ ಓಟಕ್ಕೆ ಬೇಕಾದ ಮುಕ್ಕಾಲು ಪಾಠ ಇಲ್ಲೇ ಇದೆ. ಮೊದಲ ಒಂದು ತಿಂಗಳು ಮೇಲಕ್ಕೆ ಓಡಲೇಬೇಡಿ. ಬಿರುಸಾಗಿ ನಡೆಯಿರಿ. ಏರು ಕಡಿದಾದಾಗ ಸೊಂಟದಿಂದಲ್ಲ, ಹಿಮ್ಮಡಿಯಿಂದಲೇ ಇಡೀ ಮೈಯನ್ನು ತುಸು ಮುಂದಕ್ಕೆ ಬಾಗಿಸಿ, ಅಂಗೈಯನ್ನು ಮಂಡಿಯ ಮೇಲ್ಗಡೆ ತೊಡೆಗೆ ಒತ್ತಿ ಹೆಜ್ಜೆ ಹಾಕಿ. ಹೆಜ್ಜೆ ಚಿಕ್ಕದಿರಲಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ಉಸಿರು ಉಳಿದಿರಬೇಕು. ಎರಡು ಮಾತಿಗೇ ಉಸಿರು ಕಟ್ಟಿದರೆ ನಿಮ್ಮ ವೇಗ ಹೆಚ್ಚಾಯಿತು ಎಂದೇ ಅರ್ಥ. ಜಗತ್ತಿನ ದೊಡ್ಡ ಬೆಟ್ಟದೋಟಗಳಲ್ಲಿ ಗೆಲ್ಲುವವರೂ ಕಡಿದಾದ ಏರಿನಲ್ಲಿ ನಡೆಯುತ್ತಾರೆ. ಏರಿನಲ್ಲಿ ನಡೆದದ್ದಕ್ಕೆ ಅವಮಾನಪಡುವ ಹುಡುಗರನ್ನು ಕಂಡಾಗ ನನಗೆ ತುಂಬ ಸಂಕಟವಾಗುತ್ತದೆ. ಅವರಿಗೆ ಯಾರೋ ತಪ್ಪು ಪಾಠ ಹೇಳಿದ್ದಾರೆ.

ಎರಡನೆಯ ತಿಂಗಳಲ್ಲಿ ಇಳಿಯುವುದನ್ನು ಕಲಿಯಿರಿ. ಇಳಿಯುವುದಕ್ಕೇನು ಕಲಿಕೆ ಎಂದುಕೊಳ್ಳಬೇಡಿ. ಏರುವಾಗ ದಣಿಯುವುದು ಎದೆ. ಇಳಿಯುವಾಗ ನೋಯುವುದು ತೊಡೆ, ಮಂಡಿ. ಇಳಿಜಾರಿನಲ್ಲಿ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗುತ್ತದೆ. ಹಾಗೆ ಹಿಗ್ಗುತ್ತ ದುಡಿದ ಸ್ನಾಯುವಿನ ಎಳೆಗಳು ಸಣ್ಣದಾಗಿ ಹರಿಯುತ್ತವೆ. ನೋವು ಅವತ್ತೇ ಬರುವುದಿಲ್ಲ, ಮಾರನೆಯ ದಿನ ಅಥವಾ ಅದರ ಮಾರನೆಯ ದಿನ ಬರುತ್ತದೆ. ಒಳ್ಳೆಯ ಸಂಗತಿಯೆಂದರೆ ಒಮ್ಮೆ ಹದವಾಗಿ ನೋಯಿಸಿ ಆರಲು ಬಿಟ್ಟರೆ ಅದೇ ಸ್ನಾಯು ಮುಂದಿನ ಸಲ ಅಷ್ಟು ನೋಯುವುದಿಲ್ಲ. ಅದಕ್ಕೇ ಇಳಿಯುವ ಅಭ್ಯಾಸವನ್ನು ವಾರಕ್ಕೆ ಒಮ್ಮೆ ಮಾತ್ರ, ಸ್ವಲ್ಪ ಸ್ವಲ್ಪ ಹೆಚ್ಚಿಸಿಕೊಂಡು ಮಾಡಬೇಕು.

ಹೊಸಬರು ಹೆದರಿಕೆಗೆ ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ, ಕಾಲನ್ನೇ ಬ್ರೇಕು ಮಾಡಿಕೊಂಡು ಇಳಿಯುತ್ತಾರೆ. ಸಣ್ಣ ಕಲ್ಲು ಚದುರಿದ ಬಂಡೆಯ ಮೇಲೆ ಹೀಗೆ ಮಾಡಿದರೆ ಹಿಮ್ಮಡಿ ಜಾರಿ ಅಂಗಾತ ಬೀಳುವುದು ಖಂಡಿತ. ಮೈ ಇಳಿಜಾರಿಗೆ ನೇರವಾಗಿರಲಿ, ಮಂಡಿ ಸ್ವಲ್ಪ ಮಡಿಸಿರಲಿ, ಕೈ ಅಗಲವಾಗಿರಲಿ. ಪಾದ ನೆಲವನ್ನು ಕಾದ ಹೆಂಚು ಮುಟ್ಟಿದ ಹಾಗೆ ಮುಟ್ಟಿ ಬಿಡಬೇಕು. ಕಣ್ಣು ಕಾಲ ಬೆರಳಿನ ಮೇಲಲ್ಲ, ನಾಲ್ಕೈದು ಹೆಜ್ಜೆ ಮುಂದಿನ ನೆಲದ ಮೇಲೆ. ಸುತ್ತಲಿನ ನೋಟ ನೋಡಬೇಕೆನಿಸಿದರೆ ನಿಂತು ನೋಡಿ.

ಗುಡ್ಡ ಹತ್ತಿರವಿಲ್ಲದವರಿಗೆ ನಾಲೆ ಏರಿ ಇದೆ, ಕೆರೆ ಏರಿ ಇದೆ, ಹೊಲದ ನಡುವಿನ ಬಂಡಿದಾರಿ ಇದೆ. ಯಳಂದೂರಿನವರು ಗುಂಬಳ್ಳಿಯ ಕಡೆ ಹೋದರೆ ಬೆಟ್ಟದ ಬುಡ ಕಾಣುತ್ತದೆ. ಕೊಳ್ಳೇಗಾಲ, ಯಳಂದೂರು ಎರಡೂ ಕಡೆಯವರಿಗೆ ಕುಂತೂರು ದೂರವಲ್ಲ. ಮಾದಪ್ಪನ ಕಥೆಯಲ್ಲಿ ಸುತ್ತೂರು ಮಠ ಆದಮೇಲೆ ಕುಂತೂರು ಮಠ ಬರುತ್ತದೆ. ಅಲ್ಲಿಂದಲೇ ಮಾದಪ್ಪ ಮಲೆಯ ಕಡೆ ಹೊರಟದ್ದು. ಮೈಸೂರಿನಲ್ಲಿ ಓದುವ ಮಕ್ಕಳಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಒಳ್ಳೆಯ ಅಭ್ಯಾಸ. ಕಬ್ಬಿನ ಗದ್ದೆ ಒತ್ತಾಗಿರುವ ಕಡೆ ಮಾತ್ರ ಬೆಳಕು ಪೂರ್ತಿ ಹರಿಯುವವರೆಗೆ ಕಾಯಿರಿ. ಕಬ್ಬಿನಲ್ಲಿ ಚಿರತೆ ಮರಿ ಹಾಕುವುದು ನಮ್ಮ ರೈತರಿಗೆಲ್ಲ ಗೊತ್ತು.

ಈಗ ತಾಳಬೆಟ್ಟದ ದಾರಿಗೆ ಬರೋಣ. ಈ ಸೀಮೆಯ ಕಾಲುದಾರಿಗಳಲ್ಲಿ ದೊಡ್ಡದು ಇದೇ. ಹನೂರಿನಿಂದ ಕೌದಳ್ಳಿ ದಾಟಿ ಬಂದರೆ ಬೆಟ್ಟದ ಬುಡದಲ್ಲಿ ತಾಳಬೆಟ್ಟ. ಇಲ್ಲಿ ಕೈಮುಗಿದು, ಕಾಯಿ ಒಡೆದು, ಪರಸೆಯವರು ಏರಲು ತೊಡಗುತ್ತಾರೆ. ಡಾಂಬರು ರಸ್ತೆಯಲ್ಲಿ ದೇವಸ್ಥಾನಕ್ಕೆ 18 ಕಿ.ಮೀ. ಆಗುತ್ತದೆ. ಕಾಲುದಾರಿ ಈ ರಸ್ತೆಯ ತಿರುವುಗಳನ್ನು ಅಲ್ಲಲ್ಲಿ ಕತ್ತರಿಸಿಕೊಂಡು, ರಸ್ತೆಗೆ ಬಂದು ಸೇರಿ, ಮತ್ತೆ ಬಿಟ್ಟು, ರಂಗಸ್ವಾಮಿ ಒಡ್ಡು, ಆನೆತಲೆದಿಂಬದ ಮೇಲೆ ಹೋಗುತ್ತದೆ. ದೇವಸ್ಥಾನ ಇರುವುದು ಸುಮಾರು 3,000 ಅಡಿ ಎತ್ತರದಲ್ಲಿ. ಶಿವರಾತ್ರಿ, ಯುಗಾದಿ, ದೀಪಾವಳಿಯ ಹೊತ್ತಿಗೆ ಈ ದಾರಿಯಲ್ಲಿ ಜನವೋ ಜನ. ಕನಕಪುರದ ಕಡೆಯವರು ಶಿವರಾತ್ರಿಗೆ ಕಾವೇರಿ ದಾಟಿ, ಶಾಗ್ಯದ ಮೇಲೆ ನಡೆದು ಬಂದು ಸೇರುತ್ತಾರೆ. ಮಂಡ್ಯ, ಮೈಸೂರು, ಬೆಂಗಳೂರಿನ ಕಡೆಯಿಂದ ದಿನಗಟ್ಟಲೆ ನಡೆದು ಬಂದವರಿರುತ್ತಾರೆ. ಬಹಳ ಜನ ಬರಿಗಾಲು.

ಹೊಸಬರಿಗೆ ನಾನು ಹೇಳುವುದು ಇಷ್ಟು: ಮೊದಲ ಸಲ ಈ ದಾರಿಗೆ ಓಟಗಾರರಾಗಿ ಹೋಗಬೇಡಿ, ಪರಸೆಯವರ ಜೊತೆ ನಡೆಯಿರಿ. ಅವರ ನಡಿಗೆ ಗಮನಿಸಿ. ಅರುವತ್ತು ದಾಟಿದ ಹೆಂಗಸರು ತಲೆಯ ಮೇಲೆ ಗಂಟು ಹೊತ್ತು ಒಂದೇ ಲಯದಲ್ಲಿ ಏರುತ್ತಾರೆ. ಎಲ್ಲೂ ಓಡುವುದಿಲ್ಲ, ಬಹಳ ಹೊತ್ತು ಕೂರುವುದೂ ಇಲ್ಲ. ಹೆಜ್ಜೆ ಚಿಕ್ಕದು, ಪಾದ ಪೂರ್ತಿ ಊರುತ್ತದೆ, ಉಸಿರು ಒಂದೇ ಸಮ. ಮಾದಪ್ಪನಿಗೆ ಒಬ್ಬರು 'ಉಘೇ' ಎಂದರೆ ಹಿಂದಿನವರು 'ಉಘೇ' ಎನ್ನುತ್ತಾರೆ. ಹಾಗೆ ಕೂಗಲು ಉಸಿರು ಉಳಿದಿದೆ ಎಂದರೆ ವೇಗ ಸರಿಯಾಗಿದೆ. ನಾನು ಮರಡಿಗುಡ್ಡದಲ್ಲಿ ಮಾತಾಡಿಸಿ ಪರೀಕ್ಷೆ ಮಾಡುವುದನ್ನು ಪರಸೆ ತನ್ನಷ್ಟಕ್ಕೆ ತಾನೇ ಮಾಡಿಕೊಳ್ಳುತ್ತದೆ. ಆ ಕೂಗಿಗೆ ಇನ್ನೊಂದು ಉಪಯೋಗವಿದೆ ಎಂದು ನಾನು ನಂಬಿದ್ದೇನೆ. ಜನ ಬರುತ್ತಿದ್ದಾರೆ ಎಂದು ಕಾಡಿಗೆ ಅದು ಮೊದಲೇ ತಿಳಿಸುತ್ತದೆ.

ಓಟಗಾರನಿಗೂ ಪರಸೆಯವನಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಹತ್ತು ಜನ ಗದ್ದಲ ಮಾಡಿಕೊಂಡು ನಿಧಾನವಾಗಿ ಬಂದರೆ ಆನೆ ಪಕ್ಕಕ್ಕೆ ಸರಿಯಲು ಹೊತ್ತು ಸಿಗುತ್ತದೆ. ಒಬ್ಬನೇ ಸದ್ದಿಲ್ಲದೆ ಬಿರುಸಾಗಿ ತಿರುವಿನಲ್ಲಿ ಎದುರಾದರೆ ಅದಕ್ಕೆ ಹೊತ್ತು ಸಿಗುವುದಿಲ್ಲ. ಕಾಡಾನೆ ಜನರ ಮೇಲೆ ಬೀಳುವುದು ಬಹುಪಾಲು ಹೀಗೆ ಹತ್ತಿರದಲ್ಲಿ ಬೆಚ್ಚಿದಾಗ. ನಮ್ಮ ಕಾಡುಗಳಲ್ಲಿ ಲಂಟಾನ ಎದೆಯೆತ್ತರಕ್ಕೂ ಮೇಲೆ ಬೆಳೆದು ದಾರಿಯ ಎರಡು ಬದಿ ಮುಚ್ಚಿಬಿಟ್ಟಿದೆ. ಅದರ ಹಿಂದೆ ಆನೆ ನಿಂತಿದ್ದರೂ ಕಾಣದು. ಮಾದಪ್ಪನ ಬೆಟ್ಟದ ಸೋಲಿಗರು ಈ ಲಂಟಾನದ ಕಡ್ಡಿಯಲ್ಲಿ ಕುರ್ಚಿ, ಮೇಜು ಹೆಣೆಯುವುದನ್ನು ಕಲಿತಿದ್ದಾರೆ. ಅಷ್ಟರಿಂದ ಮುಗಿಯುವ ಕಳೆ ಅಲ್ಲ ಅದು.

ಆದ್ದರಿಂದ ಈ ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಬೆಟ್ಟದ ದಾರಿ ಹಿಡಿಯಬೇಡಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಇದ್ದರೆ ಒಬ್ಬರಿಗೆ ಕಾಲು ಉಳುಕಿದಾಗ ಒಬ್ಬರು ಜೊತೆಗಿದ್ದು ಇಬ್ಬರು ಸಹಾಯಕ್ಕೆ ಹೋಗಬಹುದು. ಪ್ರತಿ ಕುರುಡು ತಿರುವಿಗೆ ಮೊದಲು ಓಟ ನಿಲ್ಲಿಸಿ, ಗಟ್ಟಿಯಾಗಿ ಮಾತಾಡುತ್ತ ನಡೆದು ದಾಟಿ. ಹಸಿ ಲದ್ದಿ, ಈಗಷ್ಟೇ ಮುರಿದ ಕೊಂಬೆ, ಕೊಂಬೆ ಮುರಿಯುವ ಸದ್ದು, ಇವುಗಳಲ್ಲಿ ಯಾವುದು ಕಂಡರೂ ಕೇಳಿದರೂ ಹಿಂದಿರುಗಿ. ದೂರದಲ್ಲಿ ಆನೆ ಕಂಡರೆ ಫೋನು ತೆಗೆಯದೆ, ಸದ್ದು ಮಾಡದೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಚಿರತೆ ಎದುರಾದರೆ ಮಾತ್ರ ಓಡಲೇಬಾರದು, ಕೂರಬಾರದು, ಬಗ್ಗಬಾರದು. ಎದ್ದು ನಿಂತು, ಕೈ ಮೇಲೆತ್ತಿ, ಅದರ ಕಡೆ ಮುಖ ಮಾಡಿಕೊಂಡೇ ಗಟ್ಟಿಯಾಗಿ ಕೂಗುತ್ತ ಹಿಂದೆ ಹಿಂದೆ ಹೆಜ್ಜೆ ಇಡಿ. ಓಡುವ ಪ್ರಾಣಿಯನ್ನು ಅಟ್ಟುವುದು ಅದರ ಹುಟ್ಟುಗುಣ. ಕರಡಿ ಮುಂಜಾನೆ ಮತ್ತು ಮುಸ್ಸಂಜೆ ಹೆಚ್ಚು ಓಡಾಡುತ್ತದೆ. ಬೆಳಕು ಪೂರ್ತಿ ಬಂದ ಮೇಲೆ ಹೊರಟು, ಬೆಳಕಿರುವಾಗಲೇ ಮುಗಿಸುವುದಕ್ಕೆ ಇದು ಇನ್ನೊಂದು ಕಾರಣ. ತಲೆಗೆ ಟಾರ್ಚು ಕಟ್ಟಿಕೊಂಡು ರಾತ್ರಿ ಓಡುವುದು ಬೇರೆ ದೇಶದ ಬೆಟ್ಟಗಳಲ್ಲಿ ನಡೆಯುತ್ತದೆ, ಇಲ್ಲಿ ಸಲ್ಲದು.

ಇಲ್ಲಿ ಹುಲಿ ಕೂಡ ಇದೆ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ಅದರ ನಾಲ್ಕು ಮರಿಗಳು ವಿಷ ಹಾಕಿದ ಹಸುವಿನ ಮಾಂಸ ತಿಂದು ಸತ್ತವು. ಆ ಸುದ್ದಿ ಓದಿದ ದಿನ ಈ ಕಡೆಯ ಅನೇಕರಿಗೆ ಊಟ ಸೇರಲಿಲ್ಲ. ದನ ಕಳೆದುಕೊಂಡವರ ಸಂಕಟ, ಕಾಡಿನ ಸಂಕಟ ಎರಡೂ ಇಲ್ಲಿ ನಿಜ. ಓಡಲು ಹೋಗುವ ನಾವು ಇದರ ನಡುವೆ ಕಾಲಿಡುತ್ತಿದ್ದೇವೆ ಎನ್ನುವುದು ನೆನಪಿರಬೇಕು. ಪಾದಯಾತ್ರೆಯ ದಾರಿಯನ್ನು ಕಾಡುಪ್ರಾಣಿಗಳ ಕಾರಣಕ್ಕೆ ಆಡಳಿತ ಮುಚ್ಚಿದೆ ಎಂದರೆ ವಾದ ಮಾಡಬೇಡಿ. ಹೊರಡುವ ಹಿಂದಿನ ದಿನ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲೋ ಬೆಟ್ಟದ ಪ್ರಾಧಿಕಾರದ ಕಚೇರಿಯಲ್ಲೋ ವಿಚಾರಿಸಿಕೊಳ್ಳಿ.

ಮುಂದಿನ ದಾರಿ ನಾಗಮಲೆ. ಅದಕ್ಕೆ ಮೊದಲು ಒಂದು ಲೆಕ್ಕ ಹೇಳಿಕೊಡುತ್ತೇನೆ. ಬೆಟ್ಟದಲ್ಲಿ ಕಿಲೋಮೀಟರು ಒಂದೇ ನೋಡಿದರೆ ಮೋಸ ಹೋಗುತ್ತೀರಿ. ಐಟಿಆರ್‌ಎ ಬಳಸುವ ಸೂತ್ರ ಸುಲಭವಾಗಿದೆ: ಒಟ್ಟು ಏರಿದ ಎತ್ತರವನ್ನು ಮೀಟರಿನಲ್ಲಿ ಬರೆದು 100ರಿಂದ ಭಾಗಿಸಿ, ಬಂದದ್ದನ್ನು ಕಿಲೋಮೀಟರಿಗೆ ಕೂಡಿ. 10 ಕಿ.ಮೀ. ದಾರಿಯಲ್ಲಿ ಒಟ್ಟು 500 ಮೀಟರು ಏರಿದರೆ ಅದು ಸಮನೆಲದ 15 ಕಿ.ಮೀ.ಗೆ ಸಮ. ಹೊತ್ತಿನ ಅಂದಾಜಿಗೆ ಇನ್ನೊಂದು ಹಳೆಯ ಲೆಕ್ಕವಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬಾತ 1892ರಲ್ಲಿ ಹೇಳಿದ್ದು: ನಡೆಯುವವನಿಗೆ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಅಂದರೆ ಹತ್ತು ಕಿಲೋಮೀಟರು ದೂರ, ಆರುನೂರು ಮೀಟರು ಏರು ಇದ್ದರೆ ಹತ್ತಿರ ಹತ್ತಿರ ಮೂರು ಗಂಟೆ. ತಂಪು ದೇಶದವರ ಲೆಕ್ಕ ಇದು. ನಮ್ಮ ಬಿಸಿಲಿಗೆ ಇನ್ನಷ್ಟು ಸೇರಿಸಿ. ನೀವು ಓಡಿ ಬೇಗ ಮುಗಿಸಿದರೆ ಸಂತೋಷ; ನೀರು, ಬೆಳಕು ಎರಡರ ಲೆಕ್ಕವನ್ನೂ ನಡೆಯುವವರ ಹೊತ್ತಿಗೇ ಹಾಕಿಕೊಳ್ಳಿ.

ನಾಗಮಲೆ ಮಾದಪ್ಪನ ದೇವಸ್ಥಾನದಿಂದ ಸುಮಾರು 14 ಕಿ.ಮೀ. ಆಚೆ, ಇಂಡಿಗನತ್ತ ಊರಿನ ಮೇಲೆ. ನಾಗರ ಹೆಡೆಯಂತೆ ನಿಂತ ಬಂಡೆಯ ಕೆಳಗೆ ಲಿಂಗವಿದೆ. ಮಾದಪ್ಪನ ಭಕ್ತರಲ್ಲಿ ಬಹಳ ಜನ ಬೆಟ್ಟಕ್ಕೆ ಬಂದವರು ನಾಗಮಲೆಗೂ ಹೋಗಿಬರುತ್ತಾರೆ. ಇಂಡಿಗನತ್ತದವರೆಗೆ ಜೀಪು ಹೋಗುವ ಮಣ್ಣುದಾರಿ. ಅಲ್ಲಿಂದ ಮುಂದೆ ಕಾಲುದಾರಿ, ಗುಡ್ಡ ಇಳಿದು ಗುಡ್ಡ ಏರುವುದು. ಒಂದೇ ಏರು ಎಂದುಕೊಂಡು ಹೊರಟವರ ಕಾಲು ಸೋಲುವುದು ಇಲ್ಲೇ. ಹೋಗುವಾಗ ಇಳಿದದ್ದನ್ನೆಲ್ಲ ಬರುವಾಗ ಏರಬೇಕು. ಆದ್ದರಿಂದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಾಪಸು ದಾರಿಗೆ ಉಳಿಸಿಕೊಳ್ಳಿ. ಹೊಸಬರು ಇಂಡಿಗನತ್ತದವರೆಗೆ ಜೀಪಿನಲ್ಲಿ ಹೋಗಿ ಅಲ್ಲಿಂದ ಹೊರಡುವುದು ಜಾಣತನ.

ಈ ದಾರಿಗೆ ಅನುಮತಿಯ ಕಥೆ ಬೇರೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಂದೇ ದಿನ ನುಗ್ಗಿದ ಮೇಲೆ ಸರ್ಕಾರ ಚಾರಣಗಳನ್ನು ತಡೆಹಿಡಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಎಂಬ ಜಾಲತಾಣ ತೆರೆದು, ಮೊದಲೇ ಹೆಸರು ನೋಂದಾಯಿಸಿ ಹಣ ಕಟ್ಟುವ ಪದ್ಧತಿ ತಂದರು. ಹೊರಡುವ ಮೊದಲು ಆ ಜಾಲತಾಣ ನೋಡಿ. ನಾಗಮಲೆಗೆ ಆಗ ಯಾವ ನಿಯಮವಿದೆಯೋ ಅದರಂತೆ ಹೆಸರು ಕೊಟ್ಟು ಹೋಗಿ. ಇಲಾಖೆಯ ಮಾರ್ಗದರ್ಶಕರು ಜೊತೆ ಬರುವುದಾದರೆ ಅವರ ವೇಗವೇ ನಿಮ್ಮ ವೇಗ. ಅವರು ಬಹುಪಾಲು ಇಲ್ಲೇ ಹುಟ್ಟಿ ಬೆಳೆದವರು. 'ಸ್ವಲ್ಪ ನಿಲ್ಲಿ ಅಣ್ಣಾ' ಎಂದರೆ ಏನೋ ಕೇಳಿಸಿಕೊಂಡಿದ್ದಾರೆ ಎಂದು ಅರ್ಥ. ನಿಲ್ಲಿ.

ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಪಡಸಲನತ್ತ. ಈ ಕಾಡೂರುಗಳನ್ನು ಓಟದ ದಾರಿಯ ಗುರುತುಗಳಾಗಿ ಮಾತ್ರ ನೋಡಬೇಡಿ. ಇಲ್ಲಿನ ಎಷ್ಟೋ ಮನೆಯವರಿಗೆ ರೇಷನ್ ಅಂಗಡಿ, ಆಸ್ಪತ್ರೆ, ಶಾಲೆ ಎಲ್ಲವೂ ಮೈಲಿಗಟ್ಟಲೆ ದೂರ. ಕಾಯಿಲೆ ಬಿದ್ದವರನ್ನು ಡೋಲಿ ಕಟ್ಟಿ ಹೊತ್ತು ತಂದದ್ದುಂಟು. 2024ರ ಲೋಕಸಭಾ ಚುನಾವಣೆಯಲ್ಲಿ ರಸ್ತೆ, ನೀರು ಇಲ್ಲವೆಂಬ ಸಿಟ್ಟು ಸಿಡಿದು ಇಂಡಿಗನತ್ತದ ಮತಗಟ್ಟೆ ಧ್ವಂಸವಾಯಿತು, ಏಪ್ರಿಲ್ 29ರಂದು ಮರುಮತದಾನ ನಡೆಯಿತು. ನಾವು ಭಾನುವಾರ ಉತ್ಸಾಹಕ್ಕೆ ಓಡುವ ದಾರಿಯಲ್ಲಿ ಅವರ ಮಕ್ಕಳು ಬೇರೆ ದಾರಿ ಇಲ್ಲದೆ ನಡೆಯುತ್ತಾರೆ. ಅಂಥವರ ಅಂಗಳದ ಮುಂದೆ ಓಡುತ್ತ ಹೋಗುವುದು ಸರಿಯಲ್ಲ. ನಡೆಯಿರಿ, 'ಚೆನ್ನಾಗಿದ್ದೀರಾ ಅವ್ವಾ' ಎಂದು ಮಾತಾಡಿಸಿ. ಕುಡಿಯುವ ನೀರಿಗೇ ಕಷ್ಟವಿರುವ ಊರು, ಆದ್ದರಿಂದ ನೀರನ್ನು ನೀವೇ ಹೊತ್ತು ತನ್ನಿ. ಮಜ್ಜಿಗೆ, ಸೌತೆಕಾಯಿ, ಟೀ ಮಾರುವವರಿದ್ದರೆ ಕೊಂಡುಕೊಳ್ಳಿ, ಚೌಕಾಸಿ ಬೇಡ.

ನೀರಿನ ವಿಷಯ ಬಂತು. ಮಾದಪ್ಪನ ಬೆಟ್ಟಗಳು ಒಣ ಕಾಡು. ಬಿಳಿಗಿರಿಯ ನೆತ್ತಿಯ ಮೇಲಿನ ಮಳೆ ಇಲ್ಲಿಲ್ಲ. ಬೇಸಿಗೆಯಲ್ಲಿ ಹಳ್ಳಗಳೆಲ್ಲ ಬರಿ ಕಲ್ಲು. ಒಬ್ಬರಿಗೆ ಎರಡು ಲೀಟರಾದರೂ ಬೇಕು. ಆದರೆ ಗಂಟೆಗಟ್ಟಲೆ ಬೆವರುತ್ತ ಬರಿ ನೀರನ್ನೇ ಕುಡಿದರೂ ಅಪಾಯ. ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆ ಸುತ್ತು, ವಾಕರಿಕೆ ಬರುತ್ತದೆ. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಆಸ್ಪತ್ರೆಯಲ್ಲಿ ಹೇಳಿಕೊಡುವ ಇದೇ ಅಳತೆ ಸಾಕು. ತಿನ್ನಲು ಕಡ್ಲೆಮಿಠಾಯಿ, ಬಾಳೆಹಣ್ಣು, ಹುರಿಗಡಲೆ. ಬೆಲೆ ಬಾಳುವ ಜೆಲ್ ಪೊಟ್ಟಣಗಳು ಇಲ್ಲದೆಯೂ ಚೆನ್ನಾಗಿ ಓಡಬಹುದು, ಅವುಗಳ ಖಾಲಿ ಪೊಟ್ಟಣ ಕಾಡಿಗೆ ಬೀಳುವುದೂ ತಪ್ಪುತ್ತದೆ. ಬೆಟ್ಟಕ್ಕೆ ಪ್ಲಾಸ್ಟಿಕ್ ತರಬೇಡಿ ಎಂಬ ನಿಯಮ ಭಕ್ತರಿಗೆ ಹೇಗೋ ನಿಮಗೂ ಹಾಗೇ. ಉಪ್ಪು ಸಿಹಿ ಮೆತ್ತಿದ ಪ್ಲಾಸ್ಟಿಕ್ಕನ್ನು ಆನೆ, ಜಿಂಕೆ ತಿನ್ನುತ್ತವೆ.

ಶೂ ಬಗ್ಗೆ ಬಹಳ ಹೇಳಬೇಕಾದ್ದಿಲ್ಲ. ಅಡಿಭಾಗದಲ್ಲಿ ಹಲ್ಲು ಹಲ್ಲಾದ ಹಿಡಿತವಿರಲಿ, ಇಳಿಯುವಾಗ ಬೆರಳು ಮುಂದಕ್ಕೆ ತಾಗದಂತೆ ಹೆಬ್ಬೆರಳಿನಷ್ಟು ಜಾಗವಿರಲಿ, ಮುಳ್ಳು ಚುಚ್ಚದಷ್ಟು ಗಟ್ಟಿಯಿರಲಿ. ಹೊಸ ಶೂ ಹಾಕಿಕೊಂಡು ನೇರವಾಗಿ ನಾಗಮಲೆಗೆ ಹೋಗಬೇಡಿ. ಬರಿಗಾಲಿನ ಪರಸೆಯವರನ್ನು ನೋಡಿ ನೀವೂ ಬರಿಗಾಲಲ್ಲಿ ಓಡಲು ಹೋಗಬೇಡಿ. ಅವರ ಪಾದ ವರ್ಷಗಟ್ಟಲೆ ಹೊಲದಲ್ಲಿ ಪಳಗಿದ್ದು. ಕಾಡಿನಲ್ಲಿ ತಿರುಗಲು ಪಾದರಕ್ಷೆ ಬೇಕೆನ್ನುವುದನ್ನು ನಮ್ಮ ಕಡೆ ದೇವರಿಗೂ ಒಪ್ಪಿಸಿದ್ದಾರೆ. ಬಿಳಿಗಿರಿರಂಗನಿಗೆ ಬೂದಿತಿಟ್ಟಿನವರು ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಚಪ್ಪಲಿ ಮಾಡಿ ತಂದು ಅರ್ಪಿಸುತ್ತಾರೆ. ಸ್ವಾಮಿ ಅದನ್ನು ಮೆಟ್ಟಿ ಕಾಡು ಸುತ್ತುತ್ತಾನೆ ಎಂಬುದು ನಂಬಿಕೆ.

ಆ ರಂಗನ ಬೆಟ್ಟದಲ್ಲಿ ಓಡುವುದು ಹೇಗೆ ಎಂದು ಯಳಂದೂರಿನ ಮಕ್ಕಳು ಕೇಳುತ್ತಾರೆ. ಓಡಬೇಡಿ ಎಂದೇ ನನ್ನ ಉತ್ತರ. ದೇವಸ್ಥಾನ 5,000 ಅಡಿಗೂ ಎತ್ತರದಲ್ಲಿದೆ. ಅಲ್ಲಿಗೆ ಹೋಗುವ ರಸ್ತೆ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾಯುತ್ತದೆ, ಕತ್ತಲಾದರೆ ಗೇಟು ಮುಚ್ಚುತ್ತದೆ. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ಸೇತುವೆಯಂತಿರುವ ಕಾಡು ಇದು. ಬಸ್ಸಿನಲ್ಲಿ ಹೋಗಿ, ರಂಗನ ದರ್ಶನ ಮಾಡಿ, ಅನುಮತಿ ಇದ್ದರೆ ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ನೋಡಿ ಬನ್ನಿ. ಸೋಲಿಗರಿಗೆ ಅದು ಮರ ಮಾತ್ರವಲ್ಲ, ದೇವರು. ಹಾಗೆಯೇ ಬಿಳಿಗಿರಿಯ ಕಾಡಿಗೂ ಮಾದಪ್ಪನ ಕಾಡಿಗೂ ನಡುವೆ ಎಡೆಯರಹಳ್ಳಿ, ದೊಡ್ಡಸಂಪಿಗೆಯ ಆನೆದಾರಿ ಇದೆ. ಒಡೆಯರಪಾಳ್ಯ, ಲೊಕ್ಕನಹಳ್ಳಿ ಸುತ್ತ ಇರುವವರಿಗೆ ಆ ಪಟ್ಟಿಯಲ್ಲಿ ಅಭ್ಯಾಸ ಬೇಡ. ಊರ ಮೈದಾನ, ಹೊಲದ ದಾರಿ ಸಾಕು.

ಹನೂರಿನ ಆಚೆ ತುದಿಯಲ್ಲಿರುವ ಗೋಪಿನಾಥಂ ಕಡೆಗೂ ಈಗ ಜನ ಹೋಗುತ್ತಾರೆ. ಕಾಡುಗಳ್ಳ ವೀರಪ್ಪನ್ ಹುಟ್ಟೂರು ಅದು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರಲ್ಲಿ ಅವನ ಕೈಯಲ್ಲಿ ಪ್ರಾಣ ಕೊಟ್ಟದ್ದು ಆ ಕಡೆಯೇ. ಊರಿನ ಜನ ಇವತ್ತಿಗೂ ಅವರನ್ನು ದೇವರಂತೆ ನೆನೆಯುತ್ತಾರೆ. 2004ರಲ್ಲಿ ವೀರಪ್ಪನ್ ಸಾಯುವವರೆಗೆ ಈ ಕಾಡುಗಳಲ್ಲಿ ಹೊರಗಿನವರು ಧೈರ್ಯವಾಗಿ ಓಡಾಡುವಂತಿರಲಿಲ್ಲ. ಇಪ್ಪತ್ತರ ಹುಡುಗರಿಗೆ ಇದು ಕಥೆ, ನನ್ನ ವಯಸ್ಸಿನವರಿಗೆ ಅಲ್ಲ. ಈಗ ಅಲ್ಲಿ ಜಂಗಲ್ ಲಾಡ್ಜಸ್‌ನ ಬಿಡಾರವಿದೆ, ಮಾರ್ಗದರ್ಶಕರ ಜೊತೆ ಕಾಡು ನಡಿಗೆ ಇದೆ. ಅದು ನಡೆಯುವ ದಾರಿ, ಓಡುವ ದಾರಿ ಅಲ್ಲ. ಆದರೂ ಒಮ್ಮೆ ಹೋಗಿ ಬಂದರೆ ಹೆಜ್ಜೆಗುರುತು, ಲದ್ದಿ, ಸದ್ದು ಓದುವುದನ್ನು ಕಲಿಯುತ್ತೀರಿ. ಆ ಕಲಿಕೆ ತಾಳಬೆಟ್ಟದ ದಾರಿಯಲ್ಲಿ ಉಪಯೋಗಕ್ಕೆ ಬರುತ್ತದೆ.

ಯಾವ ತಿಂಗಳು ಒಳ್ಳೆಯದು? ಹಿಂಗಾರು ಮಳೆ ನಿಂತ ಮೇಲೆ, ನವೆಂಬರ್ ಕೊನೆಯಿಂದ ಜನವರಿವರೆಗೆ. ನೆಲ ಗಟ್ಟಿ, ಗಾಳಿ ತಂಪು. ಮಳೆಗಾಲದಲ್ಲಿ ಬಂಡೆ ಜಾರುತ್ತದೆ. ಫೆಬ್ರವರಿಯಿಂದ ಕಾಡು ಒಣಗಿ ಬೆಂಕಿಯ ಭಯ ಶುರು. ಬೇಸಿಗೆಯಲ್ಲಿ ಚಾರಣದ ದಾರಿಗಳನ್ನು ಮುಚ್ಚುವುದೂ ಅದಕ್ಕೇ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳ ವಾರ ಓಟದ ಯೋಚನೆ ಬಿಡಿ. ದಾರಿ ಆಗ ಪರಸೆಯವರದು. ಬೇಕಾದರೆ ಅವರ ಜೊತೆ ನಡೆಯಿರಿ, ಇಲ್ಲವೇ ಮಜ್ಜಿಗೆ ಹಂಚುವವರ ಜೊತೆ ನಿಲ್ಲಿ.

ಓಡಿ ಬಂದ ದಿನ ಮೊದಲು ಬಟ್ಟೆ ಕಳಚಿ ಉಣ್ಣೆಹುಳ ಹತ್ತಿದೆಯೇ ನೋಡಿಕೊಳ್ಳಿ; ಮಂಡಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಸಾಲು. ಕಚ್ಚಿದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಉಜ್ಜಬೇಡಿ, ಸುಡಬೇಡಿ. ಒಂದೆರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಹೇಳಿ. ಮುಂದಿನ ಎರಡು ದಿನ ಓಟ ಬೇಡ, ಸಮನೆಲದಲ್ಲಿ ಅರ್ಧ ಗಂಟೆ ನಡಿಗೆ ಸಾಕು. ಮೆಟ್ಟಿಲು ಇಳಿಯುವಾಗ ತೊಡೆ ನೋಯುವುದು ಪೂರ್ತಿ ನಿಂತ ಮೇಲೆ ಮತ್ತೆ ಮರಡಿಗುಡ್ಡಕ್ಕೆ ಬನ್ನಿ.